ಯುಕ್ತಚೇಷ್ಟೆ



ಕಳೆದ ಮಧ್ವನವಮಿಯಂದು ನಮ್ಮ ಶಾಖಾಮಠದಲ್ಲಿ ಸುಮಧ್ವವಿಜಯದ ಪಾರಾಯಣ ಮುಗಿದು, ಮಂಗಳಾರತಿಗೆ ಇನ್ನೂ ಸ್ವಲ್ಪ ಸಮಯವಿದ್ದಿತು. ಶ್ರೀಮದಾಚಾರ್ಯರ ಬಾಲ್ಯದ ಪ್ರಸಂಗವನ್ನು ಮಕ್ಕಳಿಗೆ ತಿಳಿಯುವಂತೆ ಹೇಳಬೇಕೆಂದು ವ್ಯವಸ್ಥಾಪಕರು ನನಗೆ ಅಪ್ಪಣೆ ಮಾಡಿದ್ದರು. ಪಾಜಕಕ್ಷೇತ್ರದ ಬಾಲಕ ವಾಸುದೇವನು ಓಟದಲ್ಲಿ, ನೆಗೆತದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಸಹಪಾಠಿಗಳೆಲ್ಲರನ್ನೂ ಹಿಂದೆ ಹಾಕಿದನೆಂಬ ಭಾಗಕ್ಕೆ ಬಂದಾಗ, ಎದುರಿಗೆ ಕುಳಿತಿದ್ದ ಎಂಟು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಅಜ್ಜಾ, ಹಾಗಾದರೆ ಮಠಕ್ಕೆ ಬರುವವರೆಲ್ಲ ಯಾಕೆ ಇಷ್ಟು ದಪ್ಪ ಇದ್ದಾರೆ?" ಎಂದು ಕೇಳಿದನು. ಸಭೆಯು ನಕ್ಕಿತು. ತಾಯಿ ಅವನ ಕೈಹಿಡಿದು ಕೂರಿಸಿದಳು. ನಾನೂ ನಕ್ಕೆನು, ಉತ್ತರ ಹೇಳಲಿಲ್ಲ. ಅಂದು ಹೇಳದೆ ಬಿಟ್ಟುದನ್ನು ಇಂದು ಬರೆಯುತ್ತಿದ್ದೇನೆ. ಇದು ಆ ಬಾಲಕನಿಗಿಂತ ಹೆಚ್ಚಾಗಿ ನನಗೂ ನನ್ನ ವಯಸ್ಸಿನವರಿಗೂ ಸಲ್ಲತಕ್ಕ ಉತ್ತರ.

ನಾರಾಯಣಪಂಡಿತಾಚಾರ್ಯರು ಹದಿನಾರು ಸರ್ಗಗಳ ತಮ್ಮ ಕಾವ್ಯದಲ್ಲಿ ಆಚಾರ್ಯರ ದೇಹಬಲವನ್ನು ವರ್ಣಿಸಿರುವುದು ಕಾವ್ಯಾಲಂಕಾರಕ್ಕಾಗಿ ಮಾತ್ರವಲ್ಲ. ಬಾಲಕನು ಆಟದಲ್ಲಿಯೇ ಕಾಲ ಕಳೆಯುವನೆಂದು ಗುರುಗಳು ಗದರಿಸಿದಾಗ, ಅವರು ಹೇಳಿಕೊಟ್ಟುದನ್ನೂ ಹೇಳಿಕೊಡದೆ ಇದ್ದುದನ್ನೂ ಆತ ಒಪ್ಪಿಸಿಬಿಟ್ಟನೆಂಬ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ಆ ಪ್ರಸಂಗದಿಂದ ನಾವು ಎತ್ತಿಕೊಂಡುದು ಒಪ್ಪಿಸಿದ ಪಾಠವನ್ನು ಮಾತ್ರ; ಆಟವನ್ನು ಕೈಬಿಟ್ಟೆವು. ಚಿಕ್ಕಮಗಳೂರು ಜಿಲ್ಲೆಯ ಕಳಸದ ಬಳಿ ಭದ್ರಾನದಿಯ ಅಂಬುತೀರ್ಥದಲ್ಲಿ, ಆಚಾರ್ಯರು ಒಂದೇ ಕೈಯಿಂದ ತಂದು ಇರಿಸಿದರೆಂದು ಪ್ರಸಿದ್ಧವಾದ ಹೆಬ್ಬಂಡೆಯನ್ನು ಕಂಡು ಕೈಮುಗಿದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಉಡುಪಿಯಿಂದ ಬದರಿಗೆ ಅವರು ಎರಡು ಸಲ ಪ್ರಯಾಣ ಮಾಡಿದರು; ರೈಲಿನಲ್ಲಲ್ಲ. ಅವತಾರಪುರುಷರ ಬಲವು ನಮಗೆ ಅನುಕರಣೀಯವಲ್ಲವೆನ್ನುವುದು ಸತ್ಯ. ಆದರೆ ಅವರ ಪಾಂಡಿತ್ಯವೂ ಅನುಕರಣೀಯವಲ್ಲ. ಆದರೂ ನಾವು ಪಾಠಕ್ಕೆ ಕೂರುತ್ತೇವೆ, ನಮ್ಮ ಯೋಗ್ಯತೆಗೆ ತಕ್ಕಷ್ಟು ಓದುತ್ತೇವೆ. ನಡೆಯುವ ವಿಷಯ ಬಂದಾಗ ಮಾತ್ರ "ಅವರು ವಾಯುದೇವರು, ನಾವು ಸಾಮಾನ್ಯರು" ಎಂಬ ತಾರತಮ್ಯಜ್ಞಾನ ನಮಗೆ ಥಟ್ಟನೆ ಉದಯಿಸುತ್ತದೆ!

ಚೇಷ್ಟೆ ಎಂಬ ಪದವನ್ನು ಗಮನಿಸಬೇಕು. ನಮ್ಮ ಮನೆಮಾತಿನಲ್ಲಿ ಅದು ಮಕ್ಕಳ ತುಂಟತನಕ್ಕೆ ಸಲ್ಲುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ದೇಹದ ಚಲನೆ, ವ್ಯಾಪಾರ ಎಂದು ಅರ್ಥ. ಸಕಲ ಜೀವರ ಚೇಷ್ಟೆಗೂ ಪ್ರೇರಕನಾದವನು ಮುಖ್ಯಪ್ರಾಣನೆಂಬುದು ನಮ್ಮ ಸಿದ್ಧಾಂತ. ಅಹೋರಾತ್ರಿಯಲ್ಲಿ ಆತ ಪ್ರತಿಯೊಬ್ಬರ ದೇಹದಲ್ಲಿ ನಿಂತು ೨೧,೬೦೦ ಹಂಸಜಪವನ್ನು ಶ್ವಾಸರೂಪದಿಂದ ನಡೆಸುತ್ತಾನೆಂದು ಹಿರಿಯರು ಹೇಳುತ್ತಾರೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಹದಿನೈದಾಯಿತು. ಸುಮ್ಮನೆ ಕುಳಿತ ಆರೋಗ್ಯವಂತನ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತೆಂದು ವೈದ್ಯರು ಎಣಿಸುವುದಕ್ಕೂ ಇದಕ್ಕೂ ವಿರೋಧವಿಲ್ಲ. ರೈಲ್ವೆಯ ಎಂಜಿನಿಯರಿಗೆ ಇಂಥ ಲೆಕ್ಕ ಮಾಡದೆ ಸಮಾಧಾನವಾಗುವುದಿಲ್ಲ, ಕ್ಷಮಿಸಬೇಕು.

ಗೀತೆಯ ಆರನೆಯ ಅಧ್ಯಾಯದ ಹದಿನಾರು ಮತ್ತು ಹದಿನೇಳನೆಯ ಶ್ಲೋಕಗಳಲ್ಲಿ ಭಗವಂತನು ಧ್ಯಾನಯೋಗವನ್ನು ಹೇಳುತ್ತ, ನಡುವೆ ಊಟ, ಓಡಾಟ, ಕೆಲಸ, ನಿದ್ದೆ, ಎಚ್ಚರಗಳ ಮಾತನ್ನು ತೆಗೆಯುತ್ತಾನೆ. ಅತಿಯಾಗಿ ಉಣ್ಣುವವನಿಗೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಮಲಗದವನಿಗೂ ಯೋಗವಿಲ್ಲ. ಇವೆಲ್ಲ ಯುಕ್ತವಾಗಿರುವವನಿಗೆ ಯೋಗವು ದುಃಖನಾಶಕವಾಗುತ್ತದೆ ಎಂಬುದು ತಾತ್ಪರ್ಯ. ಯುಕ್ತ ಎಂದರೆ ಅಳತೆಗೆ ಸರಿಯಾದ. ಅಳತೆ ಮೀರಬಾರದೆಂಬುದನ್ನು ನಾವು ಬಲ್ಲೆವು. ಅಳತೆಗೆ ಕಡಿಮೆಯೂ ಆಗಬಾರದೆಂಬ ಅರ್ಧವನ್ನು ಮರೆತೆವು. ಕುಮಾರಸಂಭವದ ಐದನೆಯ ಸರ್ಗದಲ್ಲಿ ವಟುವಿನ ವೇಷದ ಶಿವನು ತಪಸ್ವಿನಿಯಾದ ಪಾರ್ವತಿಯನ್ನು ಕೇಳುವುದು ಕೂಡ ಇದನ್ನೇ: ತಪಸ್ಸು ನಿನ್ನ ಶಕ್ತಿಗೆ ತಕ್ಕಂತೆ ನಡೆಯುತ್ತಿದೆಯೆ? ಧರ್ಮಕ್ಕೆ ದೇಹವೇ ಮೊದಲ ಸಾಧನವೆಂದು ಎಲ್ಲರೂ ಉದ್ಧರಿಸುವ ಮಾತು ಆ ಪ್ರಶ್ನೆಯ ಬಾಲವಾಗಿಯೇ ಬಂದಿದೆ.

ನಮ್ಮ ಮುಂಬಯಿಯ ಬದುಕಿಗೆ ಬರೋಣ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ದಿನವೂ ಲೋಕಲ್‌ನಲ್ಲಿ ಹೋಗಿಬರುವವರು "ನಮಗೆ ಬೇರೆ ವ್ಯಾಯಾಮ ಏತಕ್ಕೆ?" ಎನ್ನುತ್ತಾರೆ. ಗುಂಪಿನಲ್ಲಿ ಒಂದೂವರೆ ಗಂಟೆ ಒಂದು ಕಾಲಿನ ಮೇಲೆ ನಿಲ್ಲುವುದು ಆಯಾಸವೇ ಹೊರತು ವ್ಯಾಯಾಮವಲ್ಲ. ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿಯುವುದು ವ್ಯಾಯಾಮವೇ ಹೌದು. ಆದರೆ ೨೦೨೦ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳು ನಿಂತ ಮೇಲೆ ಅನೇಕರಿಗೆ ಅದೂ ತಪ್ಪಿತು, ಮನೆಯಲ್ಲೇ ಕಚೇರಿ ಮಾಡಿದ ಕೆಲವರಿಗೆ ಮತ್ತೆ ಬರಲೇ ಇಲ್ಲ. ಇದು ನಮ್ಮ ಸಮಾಜವೊಂದರ ದೋಷವಲ್ಲ. ಮಹಾರಾಷ್ಟ್ರ, ತಮಿಳುನಾಡು, ಝಾರ್ಖಂಡ್, ಚಂಡೀಗಢಗಳಲ್ಲಿ ೧೪,೨೨೭ ಮಂದಿಯನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ ೫೪.೪ ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರೆಂದು ಕಂಡುಬಂದಿತು. ನಗರವಾಸಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಕುಳಿತವನಿಗೂ ನಡೆದವನಿಗೂ ಏನು ಭೇದವೆಂಬುದನ್ನು ಮೊದಲು ಲೆಕ್ಕವಿಟ್ಟು ತೋರಿಸಿದುದು ಬಸ್ಸುಗಳ ಮೂಲಕ ಎಂದರೆ ಆಶ್ಚರ್ಯವಾದೀತು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು; ನಿರ್ವಾಹಕನು ದಿನಕ್ಕೆ ಐದಾರು ನೂರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಇಬ್ಬರ ಸಂಬಳ, ವಸತಿ, ಊಟಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ೧೯೫೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಿರ್ವಾಹಕರಲ್ಲಿ ಹೃದಯಾಘಾತವು ಚಾಲಕರಿಗಿಂತ ಬಹಳ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಪ್ರಾಣಾಪಾಯವೂ ಕಡಿಮೆ. ಅವರ ಪ್ರಾಮಾಣಿಕತೆ ನನಗೆ ಇನ್ನೂ ಮೆಚ್ಚುಗೆಯಾಯಿತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೇನೋ ಎಂಬ ಸಂಶಯ ಬಂದು, ಇಲಾಖೆಯು ಹೊಲಿಸಿಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಯನ್ನು ತರಿಸಿ ನೋಡಿ, ೧೯೫೬ರಲ್ಲಿ ಅದನ್ನೂ ಪ್ರಕಟಿಸಿದರು. ಸಂಶಯದಲ್ಲಿ ಹುರುಳಿತ್ತು, ಚಾಲಕರ ಸೊಂಟ ಮೊದಲಿನಿಂದಲೂ ತುಸು ಹಿರಿದೇ ಆಗಿತ್ತು. ಆದರೆ ಸಪೂರ ದೇಹದ ಚಾಲಕರಿಗೂ ನಿರ್ವಾಹಕರಿಗಿಂತ ಹೃದಯರೋಗದ ಅಪಾಯ ಹೆಚ್ಚಾಗಿಯೇ ಇದ್ದುದರಿಂದ ಮೂಲ ಮಾತು ಉಳಿಯಿತು. ಪೂರ್ವಪಕ್ಷವನ್ನು ತಾನೇ ಎತ್ತಿ ಪರಿಹರಿಸುವ ಈ ಕ್ರಮ ನಮ್ಮ ಟೀಕಾಕಾರರಿಗೆ ಒಪ್ಪಿಗೆಯಾಗುತ್ತಿತ್ತೆಂದು ನನಗೆ ತೋರುತ್ತದೆ.

ರೈಲ್ವೆಯಲ್ಲಿಯೂ ಇಂಥ ಅಧ್ಯಯನವಾಗಿದೆ. ಅಮೆರಿಕದ ರೈಲು ನೌಕರರಲ್ಲಿ ಗುಮಾಸ್ತರು, ಯಾರ್ಡಿನಲ್ಲಿ ಬೋಗಿಗಳನ್ನು ಜೋಡಿಸುವವರು, ಹಳಿಗಳ ಮೇಲೆ ದುಡಿಯುವವರು ಎಂಬ ಮೂರು ವರ್ಗಗಳ ಮರಣಗಳನ್ನು ಹೋಲಿಸಿ ೧೯೬೨ರಲ್ಲಿ ಪ್ರಕಟಿಸಿದರು. ಕುರ್ಚಿಯ ಗುಮಾಸ್ತರಲ್ಲಿ ಮರಣಪ್ರಮಾಣ ಎಲ್ಲಕ್ಕಿಂತ ಹೆಚ್ಚು, ಹಳಿಯ ಕೆಲಸಗಾರರಲ್ಲಿ ಎಲ್ಲಕ್ಕಿಂತ ಕಡಿಮೆ. ನಮ್ಮಲ್ಲಿಯೇ ಪಶ್ಚಿಮ ರೈಲ್ವೆಯ ಮುಖ್ಯ ವೈದ್ಯಾಧಿಕಾರಿಗಳಾಗಿದ್ದ ಡಾ. ಎಸ್. ಎಲ್. ಮಲ್ಹೋತ್ರಾ ಅವರು ದೇಶದ ರೈಲ್ವೆ ನೌಕರರ ಹೃದಯಾಘಾತದ ಮರಣಗಳನ್ನು ಪರಿಶೀಲಿಸಿ ೧೯೬೭ರಲ್ಲಿ ಬರೆದ ಲೇಖನ ಪ್ರಸಿದ್ಧವಾದುದು. ದಕ್ಷಿಣದವರಲ್ಲಿ ಈ ರೋಗವು ಪಂಜಾಬಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚೆಂದು ಅವರು ಕಂಡರು. ಆದರೆ ಅದಕ್ಕೆ ಅವರು ಹೇಳಿದ ಕಾರಣ ನಡಿಗೆಯ ಕೊರತೆಯಲ್ಲ. ಉಣ್ಣುವ ಕೊಬ್ಬಿನ ಬಗೆ ಮತ್ತು ಉಣ್ಣುವ ರೀತಿಯ ಮೇಲೆ ಅವರು ಒತ್ತು ಕೊಟ್ಟರು. ಇದನ್ನು ಮರೆಮಾಡಿದರೆ ನನ್ನ ವಾದಕ್ಕೆ ಅನುಕೂಲವಾದೀತು, ಸತ್ಯಕ್ಕಲ್ಲ. ನಡೆದುಬಿಟ್ಟರೆ ಎಲ್ಲವೂ ಸರಿಯಾಗುತ್ತದೆಂದು ತಿಳಿಯಬಾರದು. ಆಹಾರವನ್ನೂ ಚೇಷ್ಟೆಯನ್ನೂ ಗೀತೆಯು ಒಂದೇ ಉಸಿರಿನಲ್ಲಿ ಹೇಳಿರುವುದು ಸಕಾರಣವಾಗಿಯೇ.

ಅಧ್ಯಯನಗಳನ್ನು ಓದಿದೆನಾದರೂ ನಾನೇ ಅದರಂತೆ ನಡೆದೆನೆ? ಸೇವೆಯ ಮೊದಲ ಹದಿನೈದು ವರ್ಷ ನಾನು ಹಳಿಗಳ ಉಸ್ತುವಾರಿಯಲ್ಲಿದ್ದೆ. ಕೀಮ್ಯಾನ್ ತನ್ನ ಪಾಲಿನ ಹಳಿಯನ್ನು ದಿನವೂ ನಡೆದೇ ನೋಡಬೇಕು. ಅವನ ಕೆಲಸವನ್ನು ನೋಡಬೇಕಾದವನು ಅವನ ಹಿಂದೆ ನಡೆಯಲೇಬೇಕು. ಆಮೇಲೆ ಬಡ್ತಿ ಬಂದಿತು, ಮುಖ್ಯ ಕಚೇರಿಯಲ್ಲಿ ತಿರುಗುವ ಕುರ್ಚಿ ಬಂದಿತು. ಕುರ್ಚಿ ತಿರುಗುತ್ತಿತ್ತು, ನಾನು ತಿರುಗಲಿಲ್ಲ. ೨೦೧೭ರಲ್ಲಿ ನಿವೃತ್ತನಾಗುವ ಹೊತ್ತಿಗೆ ಸಾಷ್ಟಾಂಗ ನಮಸ್ಕಾರ ಮಾಡಿ ಏಳಲು ಪಕ್ಕದಲ್ಲಿ ಕಂಬ ಬೇಕಾಗಿತ್ತು. ದೇಹವು ಮುಖ್ಯಪ್ರಾಣನ ಮಂದಿರವೆಂದು ಉಪನ್ಯಾಸ ಮಾಡಿ, ಕಂಬವನ್ನು ಹುಡುಕುತ್ತಿದ್ದೆ.

ಅದು ನನ್ನೊಬ್ಬನ ಮಂಡಿಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ನಿವೃತ್ತಿಯ ನಂತರ ಶಾಖಾಮಠದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳಕ್ಕೆ ಗೀತೆಯ ಪಾಠ ಆರಂಭಿಸಿದೆ. ಎಂಟು ಹತ್ತು ಮಂದಿ ಬರುತ್ತಿದ್ದರು. ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ, ನನಗಿಂತ ಕಿರಿಯರು, ಐವತ್ತಮೂರು ವರ್ಷ. ಫೋರ್ಟಿನ ಕಚೇರಿಯಿಂದ ನೇರವಾಗಿ ಪಾಠಕ್ಕೆ ಬರುವರು. ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿ ಗೀತಾಭಾಷ್ಯ. ೨೦೧೮ರ ಚಾತುರ್ಮಾಸ್ಯದಲ್ಲಿ ಒಂದು ಸಂಜೆ ಪಾಠ ಮುಗಿದ ಮೇಲೆ ಉಳಿದುಕೊಂಡು, "ರಾಯರೆ, ಸಕ್ಕರೆ, ರಕ್ತದೊತ್ತಡ ಎರಡೂ ಏರಿವೆಯಂತೆ. ಡಾಕ್ಟರು ದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲೇಬೇಕೆನ್ನುತ್ತಾರೆ. ಬೆಳಿಗ್ಗೆ ಆರೂಕಾಲರ ಗಾಡಿ. ನನಗಿರುವ ಬಿಡುವು ಇದೊಂದೇ. ವಾರಕ್ಕೆ ಮೂರು ದಿನ ಪಾಠ ತಪ್ಪಿಸಲೆ?" ಎಂದು ಕೇಳಿದರು. ನಾನು ಏನು ಹೇಳಿದೆನೆಂಬುದು ಅಕ್ಷರಶಃ ನೆನಪಿದೆ: "ದೇಹ ಎಂದಿದ್ದರೂ ಬೀಳುವುದೇ. ಪಾಠ ತಪ್ಪಿಸಬೇಡಿ." ಅವರು ತಲೆಬಾಗಿ ಒಪ್ಪಿದರು. ಒಂದು ದಿನವೂ ತಪ್ಪಿಸಲಿಲ್ಲ. ಮರುವರ್ಷದ ಮಾರ್ಗಶಿರದಲ್ಲಿ, ಗಾಡಿಯಿಂದ ಇಳಿದು ಸೇತುವೆಯ ಮೆಟ್ಟಿಲು ಹತ್ತುವಾಗ ಎದೆನೋವು ಬಂದು ಕುಸಿದರು. ಆ ರಾತ್ರಿಯೇ ಹೋದರು.

ನಡೆದಿದ್ದರೆ ಉಳಿಯುತ್ತಿದ್ದರೆಂದು ಹೇಳಲು ನಾನು ವೈದ್ಯನಲ್ಲ. ಆಯುಸ್ಸು ಶ್ರೀಹರಿಯ ಅಧೀನ. ಆದರೆ ನನ್ನ ಉತ್ತರ ಶಾಸ್ತ್ರಸಮ್ಮತವಾಗಿತ್ತೆ ಎಂಬ ಪ್ರಶ್ನೆಯಿಂದ ನಾನು ಪಾರಾಗಲಾರೆ. ಯುಕ್ತಚೇಷ್ಟೆಯ ಶ್ಲೋಕವನ್ನು ಅದೇ ಚಾತುರ್ಮಾಸ್ಯದಲ್ಲಿ ಅವರಿಗೆ ಪಾಠ ಹೇಳಿದವನು ನಾನೇ. ದೇಹವು ನಶ್ವರವೆಂಬುದು ಅದರ ಮೇಲಣ ಮೋಹವನ್ನು ಬಿಡಿಸಲು ಹೇಳಿದ ಮಾತು, ಅದನ್ನು ಕೆಡಿಸಲು ಕೊಟ್ಟ ಅನುಮತಿಯಲ್ಲ. ಬಾಡಿಗೆಯ ಮನೆ ನಮ್ಮದಲ್ಲವೆಂದು ಮಾಡನ್ನು ಸೋರಲು ಬಿಡುವ ಬಾಡಿಗೆದಾರನನ್ನು ಮನೆಯ ಯಜಮಾನ ಮೆಚ್ಚುವನೆ?

"ಎಲ್ಲವೂ ಹರಿಚಿತ್ತ, ನಡೆದರೇನು, ಬಿಟ್ಟರೇನು?" ಎಂಬ ಮಾತು ನಮ್ಮ ಜಗಲಿಗಳಲ್ಲಿ ಬಹಳ ಕೇಳಿಬರುತ್ತದೆ. ಇದು ಸಿದ್ಧಾಂತವಲ್ಲ, ಸೋಮಾರಿತನ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತೃವೆಂದು ಸಾಧಿಸಲಾಗಿದೆ; ಇಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು. ಆ ಕರ್ತೃತ್ವವು ಪರಾಧೀನ, ಶ್ರೀಹರಿ ಕೊಟ್ಟದ್ದು. ಕೊಟ್ಟದ್ದನ್ನು ಬಳಸದೆ ಇಟ್ಟವನು ಕೊಟ್ಟವನ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

ಆಯುರ್ವೇದದ ಋಷಿಗಳು ಈ ವಿಷಯದಲ್ಲಿ ದಾಕ್ಷಿಣ್ಯ ತೋರಿಸಿದವರಲ್ಲ. ಸುಶ್ರುತನ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹರೋಗಿಗೆ, ಅಂದರೆ ನಮ್ಮ ಇಂದಿನ ಸಕ್ಕರೆ ಕಾಯಿಲೆಯನ್ನು ಒಳಗೊಂಡ ರೋಗವರ್ಗದವನಿಗೆ, ಹೇಳಿದ ಉಪಾಯವನ್ನು ನೋಡಿ: ನಿರ್ಧನನಾದರೆ ಕೊಡೆ ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತ, ಊರಿಗೊಂದು ರಾತ್ರಿಯಂತೆ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನವನ್ನೋ ಅದಕ್ಕಿಂತ ಹೆಚ್ಚನ್ನೋ ನಡೆಯಲಿ, ಧನವಂತನಾದರೆ ಸಾವೆ, ಕಾಡುಭತ್ತ ಮುಂತಾದ್ದನ್ನು ಉಂಡು ಗೋವುಗಳೊಡನೆ ಅಲೆಯಲಿ, ಬಾವಿ ತೋಡುವುದೂ ಒಂದು ಚಿಕಿತ್ಸೆ! ಮುಂಬಯಿಯ ಫ್ಲ್ಯಾಟಿನಲ್ಲಿ ಬಾವಿ ತೋಡಲಾಗದು. ಆದರೆ ಚಿಕಿತ್ಸೆಯ ದಿಕ್ಕು ಯಾವುದೆಂಬುದು ಸ್ಪಷ್ಟ. ಇದನ್ನೇ ಇಂದಿನವರು ಲೆಕ್ಕವಿಟ್ಟು ನೋಡಿದ್ದಾರೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಮೂರು ವರ್ಷ ಗಮನಿಸಿ ೨೦೦೬ರಲ್ಲಿ ಪ್ರಕಟಿಸಿದರು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇಕಡಾ ೫೫ ಮಂದಿಗೆ ರೋಗ ಬಂದಿತು. ದಿನಕ್ಕೆ ಅರ್ಧ ಗಂಟೆಯ ಬಿರುಸಾದ ನಡಿಗೆ ಮತ್ತು ಆಹಾರದ ಹತೋಟಿಯನ್ನು ಪಾಲಿಸುವಂತೆ ಮತ್ತೆ ಮತ್ತೆ ಹೇಳಿಸಿಕೊಂಡವರಲ್ಲಿ ೩೯.೩. ಮತ್ತೊಂದು ಗುಂಪಿಗೆ ಮಾತ್ರೆ ಕೊಟ್ಟು ನೋಡಿದಾಗ ಬಂದ ಫಲವೂ ಹೆಚ್ಚುಕಡಿಮೆ ಇಷ್ಟೇ.

ನಮ್ಮ ನಗರದ್ದೇ ಉದಾಹರಣೆ ಬೇಕೆಂದರೆ ಸಾಂತಾಕ್ರೂಜಿನ ಯೋಗ ಇನ್‌ಸ್ಟಿಟ್ಯೂಟನ್ನು ನೋಡಬಹುದು. ಶ್ರೀ ಯೋಗೇಂದ್ರರು ೧೯೧೮ರಲ್ಲಿ ವರ್ಸೋವಾದಲ್ಲಿ ಆರಂಭಿಸಿದ ಸಂಸ್ಥೆ ಅದು. ಹೃದಯದ ರಕ್ತನಾಳಗಳ ರೋಗವುಳ್ಳ ೧೧೩ ಮಂದಿಯ ಒಂದು ಅಧ್ಯಯನವನ್ನು ಅಲ್ಲಿಯವರು ನಡೆಸಿದರು; ೭೧ ಮಂದಿಗೆ ಕುಟುಂಬದವರನ್ನೂ ಸೇರಿಸಿಕೊಂಡು ಆಹಾರ, ಆಸನ, ಮನಸ್ಸಿನ ಸಮಾಧಾನಗಳ ಅಭ್ಯಾಸ, ೪೨ ಮಂದಿಗೆ ರೂಢಿಯ ಚಿಕಿತ್ಸೆ. ೨೦೦೪ರಲ್ಲಿ ಪ್ರಕಟವಾದ ಫಲದಂತೆ, ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ ಕೊಲೆಸ್ಟರಾಲ್ ಶೇಕಡಾ ೨೩.೩ರಷ್ಟು ಇಳಿದಿತ್ತು, ಎರಡನೆಯದರಲ್ಲಿ ೪.೪. ಸಂಖ್ಯೆ ಚಿಕ್ಕದು, ಕಾಲಾವಧಿ ಒಂದೇ ವರ್ಷ. ಇದನ್ನು ಓದಿ ಯಾರೂ ಔಷಧವನ್ನು ತಾವಾಗಿಯೇ ನಿಲ್ಲಿಸಕೂಡದು. ನನ್ನ ಗಮನ ಸೆಳೆದುದು "ಕುಟುಂಬದವರನ್ನೂ ಸೇರಿಸಿಕೊಂಡು" ಎಂಬ ಅಂಶ. ಮನೆಯೆಲ್ಲ ಕರಿದ ತಿಂಡಿ ತಿನ್ನುತ್ತಿರುವಾಗ ಯಜಮಾನನೊಬ್ಬ ಸೌತೆಕಾಯಿ ಕಚ್ಚುವುದು ಎಷ್ಟು ದಿನ ನಡೆದೀತು?

ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿದೆ. ತಿಳಿದೂ ಏಕೆ ಮಾಡುವುದಿಲ್ಲ ಎಂಬುದೇ ಕಠಿನವಾದ ಪ್ರಶ್ನೆ. ಜನವರಿಯಲ್ಲಿ ಹೊಸ ಬೂಟು ಕೊಳ್ಳುತ್ತಾರೆ, ಶಿವಾಜಿ ಪಾರ್ಕಿಗೆ ಹೋಗುತ್ತಾರೆ, ರಥಸಪ್ತಮಿಯ ಹೊತ್ತಿಗೆ ಬೂಟು ಅಟ್ಟಕ್ಕೆ ಹೋಗುತ್ತದೆ. ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಭಾಗಿಸಿದ ನಮ್ಮವರಿಗೆ ಇದರ ಕಾರಣ ತಿಳಿಯದ್ದೇನಲ್ಲ. ನಾವು ವ್ಯಾಯಾಮವನ್ನು ಕಾಮ್ಯಕರ್ಮವನ್ನಾಗಿ ಮಾಡುತ್ತೇವೆ. ರಕ್ತಪರೀಕ್ಷೆಯ ವರದಿ ಕೆಟ್ಟಿತು, ಆರಂಭ. ವರದಿ ಸರಿಹೋಯಿತು, ಸಮಾಪ್ತಿ. ಸರಿಹೋಗಲಿಲ್ಲ, ಆಗಲೂ ಸಮಾಪ್ತಿ! ಕಾಮ್ಯದ ಸ್ವಭಾವವೇ ಅದು. ಸಂಧ್ಯಾವಂದನೆಯನ್ನು ಹಾಗೆ ಯಾರೂ ಮಾಡುವುದಿಲ್ಲ. ಈ ತಿಂಗಳ ಸಂಧ್ಯೆಯಿಂದ ಏನು ಲಾಭವಾಯಿತೆಂದು ಯಾರೂ ತೂಗಿ ನೋಡುವುದಿಲ್ಲ. ಅದು ನಿತ್ಯ, ಮಾಡದಿದ್ದರೆ ದೋಷ, ಅಷ್ಟೆ. ಯುಕ್ತಚೇಷ್ಟೆಯನ್ನು ನಿತ್ಯದ ಪಟ್ಟಿಗೆ ಸೇರಿಸಿದ ದಿನ ಅರ್ಧ ಕಷ್ಟ ಕಳೆಯಿತು.

ಇನ್ನೊಂದು ಸೂಕ್ಷ್ಮವಿದೆ. ಸಂಧ್ಯೆಗೆ ಕಾಲ ಮೀರಿದರೆ ಪ್ರಾಯಶ್ಚಿತ್ತಾರ್ಘ್ಯವನ್ನು ಕೊಟ್ಟು ಮುಂದುವರಿಯುತ್ತೇವೆಯೇ ಹೊರತು, "ಇಂದು ಕೆಟ್ಟಿತು, ಇನ್ನು ಸಂಧ್ಯೆಯೇ ಬೇಡ" ಎನ್ನುವುದಿಲ್ಲ. ಆದರೆ ನಡಿಗೆ ಒಂದು ದಿನ ತಪ್ಪಿದೊಡನೆ ವ್ರತಭಂಗವಾಯಿತೆಂದು ಕೈಬಿಡುತ್ತೇವೆ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ೯೬ ಮಂದಿ ಹೊಸದೊಂದು ದಿನಚರಿಯನ್ನು ಹನ್ನೆರಡು ವಾರ ಅಭ್ಯಾಸ ಮಾಡಿದುದನ್ನು ಪರೀಕ್ಷಿಸಿದ ಲೇಖನ ೨೦೧೦ರಲ್ಲಿ ಪ್ರಕಟವಾಯಿತು. ಅಭ್ಯಾಸವು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯಮ ಗಣನೆಯಲ್ಲಿ ೬೬ ದಿನ ಹಿಡಿಯಿತು. ಒಬ್ಬೊಬ್ಬರ ಲೆಕ್ಕದಲ್ಲಿ ೧೮ ದಿನದಿಂದ ೨೫೪ ದಿನದವರೆಗೂ ವ್ಯತ್ಯಾಸ. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಷ್ಟು ಹಾನಿಯಾಗಲಿಲ್ಲ. ಒಂದು ಮಂಡಲ ಮಾಡಿ ಸಾಕೆನ್ನುವವರು ಇದನ್ನು ನೆನಪಿಡಬೇಕು.

ಇನ್ನು ಚಾತುರ್ಮಾಸ್ಯವನ್ನು ಯೋಚಿಸಿ. ಆಷಾಢದಿಂದ ಕಾರ್ತಿಕದವರೆಗೆ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳು ಒಂದರ ಹಿಂದೊಂದು ಬರುತ್ತವೆ. ತರಕಾರಿ, ಹುಣಸೆ, ಮೆಣಸಿನಕಾಯಿಗಳಿಲ್ಲದೆ ಒಂದು ತಿಂಗಳು, ಮೊಸರಿಲ್ಲದೆ ಒಂದು ತಿಂಗಳು, ಹಾಲಿಲ್ಲದೆ ಒಂದು ತಿಂಗಳು, ಬೇಳೆಕಾಳುಗಳಿಲ್ಲದೆ ಒಂದು ತಿಂಗಳು. ನಾಲಗೆಯ ಅಭ್ಯಾಸವನ್ನು ತಿಂಗಳಿಗೊಮ್ಮೆ ಬದಲಿಸುವುದೆಂದರೆ ಸಾಮಾನ್ಯವೆ? ಮುಲುಂಡಿನ ಎರಡು ಕೋಣೆಯ ಮನೆಯಲ್ಲಿ, ಆರು ಗಂಟೆಗೆ ಡಬ್ಬಿ ಕಟ್ಟುವ ಗೃಹಿಣಿ ಇದನ್ನು ವರ್ಷವೂ ತಪ್ಪದೆ ನಡೆಸುತ್ತಾಳೆ. ಹೇಗೆ? ಆರಂಭದ ತಿಥಿಯನ್ನು ಪಂಚಾಂಗ ಗೊತ್ತುಮಾಡಿದೆ, ಅವಳ ಉತ್ಸಾಹವಲ್ಲ. ನ��ರೆಮನೆಯ ಭಾಗೀರಥಮ್ಮನವರೂ ಅದನ್ನೇ ಮಾಡುತ್ತಿದ್ದಾರೆ, ಮಠದಲ್ಲಿಯೂ ಅದೇ ಅಡಿಗೆ. ನಿಷಿದ್ಧವಾದ ಪದಾರ್ಥ ಮನೆಯೊಳಗೆ ಬರುವುದೇ ಇಲ್ಲವಾದ್ದರಿಂದ ಮನಸ್ಸಿನೊಡನೆ ಹೋರಾಟವಿಲ್ಲ. ಮುಗಿದುದನ್ನು ಕೃಷ್ಣಾರ್ಪಣ ಮಾಡಿದುದರಿಂದ ಹೆಮ್ಮೆಯೂ ಇಲ್ಲ. ಅಭ್ಯಾಸ ಬದಲಾವಣೆಯ ವಿದ್ಯೆಯನ್ನು ನಾವು ಬೇರೆಲ್ಲಿಂದಲೂ ತರಬೇಕಾಗಿಲ್ಲ. ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಗಂಡಸರು ಅದನ್ನು ಉಂಡಿದ್ದೇವೆ, ಕಲಿತಿಲ್ಲ. (ಒರಳು ಬೀಸುಕಲ್ಲುಗಳು ಹೋದುದರಿಂದಲೇ ಹೆಂಗಸರಿಗೆ ರೋಗ ಬಂದಿತೆಂದು ಉಪದೇಶಿಸುವ ಹಿರಿಯರನ್ನು ಕೇಳಿದ್ದೇನೆ. ಹಾಗೆ ಹೇಳುವವರು ತಾವು ಒಂದು ದಿನವಾದರೂ ರುಬ್ಬಿದ್ದರೆ ಆ ಮಾತಿಗೆ ತೂಕ ಬರುತ್ತಿತ್ತು.)

ಒಮ್ಮೆಗೇ ಎಲ್ಲವನ್ನೂ ಬದಲಿಸಬಾರದೆಂದು ಚರಕನೂ ವಾಗ್ಭಟನೂ ಹೇಳುತ್ತಾರೆ. ಬಹುಕಾಲದ ಅಪಥ್ಯವನ್ನು ಕಾಲುಭಾಗ ಕಾಲುಭಾಗವಾಗಿ ಬಿಡಬೇಕು. ಬಿಟ್ಟ ಜಾಗದಲ್ಲಿ ಪಥ್ಯವನ್ನು ಅಷ್ಟಷ್ಟೇ ಸೇರಿಸಬೇಕು. ಹೆಜ್ಜೆಹೆಜ್ಜೆಗೆ ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಕೊಡಬೇಕು. ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕುತ್ತಿದ್ದವನಾದ ನಾನು ಈ ಕ್ರಮದಿಂದಲೇ ಒಂದಕ್ಕೆ ಇಳಿದಿದ್ದೇನೆ. ಆ ಕೊನೆಯ ಚಮಚ ಮಾತ್ರ ಇನ್ನೂ ಸಿದ್ಧಾಂತಕ್ಕೆ ಬಗ್ಗಿಲ್ಲ. ವ್ಯಾಯಾಮವನ್ನೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಾಗ್ಭಟನ ನಿಯಮ. ಅತಿಯಾಗಿ ಮಾಡಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ಕೆಡುತ್ತಾನೆಂದು ಹೋಲಿಕೆ ಕೊಟ್ಟಿದ್ದಾರೆ.

ವೃದ್ಧರಿಗೆ ವ್ಯಾಯಾಮ ನಿಷಿದ್ಧವೆಂದು ವಾಗ್ಭಟನೇ ಹೇಳಿದ್ದಾನಲ್ಲ ಎಂದು ವಿದ್ವಾಂಸರೊಬ್ಬರು ನನ್ನನ್ನು ತಡೆದರು. ಹೌದು. ಅಲ್ಲಿ ವ್ಯಾಯಾಮವೆಂದರೆ ಬೆವರಿಳಿಸುವ ಕಠಿನ ಶ್ರಮ. ದೇಹವನ್ನು ಅತಿಯಾಗಿ ಬಾಧಿಸದ ನಡಿಗೆಗೆ ಚಂಕ್ರಮಣವೆಂದು ಬೇರೆ ಹೆಸರೇ ಉಂಟು; ಅದು ಆಯುಸ್ಸು, ಬಲ, ಮೇಧೆ, ಜಠರಾಗ್ನಿಗಳನ್ನು ಕೊಟ್ಟು ಇಂದ್ರಿಯಗಳನ್ನು ಎಚ್ಚರಿಸುತ್ತದೆಂದು ಸುಶ್ರುತನು ಹೊಗಳಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸೂಚನೆಯಂತೆ ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆಯಲ್ಲಿರಬೇಕು. ಅರವತ್ತೈದು ದಾಟಿದವರು ಬೀಳದಂತೆ ದೇಹದ ಸಮತೋಲವನ್ನೂ ಸ್ನಾಯುಬಲವನ್ನೂ ಕಾಯುವ ಅಭ್ಯಾಸವನ್ನು ವಾರಕ್ಕೆ ಮೂರು ದಿನವಾದರೂ ಸೇರಿಸಬೇಕು. ಚೂರುಚೂರಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಊಟದ ನಂತರ ಸ್ವಲ್ಪ ವಿಶ್ರಮಿಸಿ ನೂರು ಹೆಜ್ಜೆ ನಡೆಯಬೇಕೆಂಬ ಸುಶ್ರುತನ ಮಾತೂ ಈಗ ಮರಳಿ ಬಂದಿದೆ. ಊಟದ ಬಳಿಕ ಏರುವ ಸಕ್ಕರೆಯನ್ನು ಹತ್ತು ನಿಮಿಷದ ನಡಿಗೆ ತಗ್ಗಿಸುತ್ತದೆ. ತೀರ್ಥಪ್ರಸಾದವಾದ ಕೂಡಲೇ ಗೋಡೆಗೆ ಒರಗುವವರು ಗಮನಿಸಬೇಕು. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ಮಾತ್ರ ಮೊದಲು ವೈದ್ಯರನ್ನು ಕಾಣಬೇಕು, ಆಮೇಲೆ ನಡಿಗೆ.

ಪ್ರದಕ್ಷಿಣ ನಮಸ್ಕಾರಗಳನ್ನೇ ಹೆಚ್ಚಾಗಿ ಮಾಡಿದರೆ ಸಾಲದೆ ಎಂದು ಕೇಳುವವರುಂಟು. ಮಾಡಬಹುದು; ನಾನೂ ಮಾಡುತ್ತೇನೆ. ಆದರೆ ಕೊಲೆಸ್ಟರಾಲಿಗಾಗಿ ಪ್ರಾಣದೇವರನ್ನು ಸುತ್ತುವುದು ನನಗೆ ಸರಿಕಾಣದು. ಇದರ ಬದಲು ರಸ್ತೆಯ ನಡಿಗೆಗೇ ಸಂಕಲ್ಪ ಮಾಡಬಾರದೇಕೆ? ಭಾರತೀರಮಣ ಮುಖ್ಯಪ್ರಾಣಾಂತರ್ಗತನ ಪ್ರೇರಣೆಯಿಂದ, ಅವನ ಪ್ರೀತಿಗಾಗಿ ಎಂದು ಎಲ್ಲ ಕರ್ಮಗಳಿಗೂ ಹೇಳುವ ನಾವು, ಚಪ್ಪಲಿ ಮೆಟ್ಟುವ ಮೊದಲು ಮನಸ್ಸಿನಲ್ಲಿ ಅದನ್ನೇ ಹೇಳಿಕೊಂಡರಾಯಿತು.

ನಮ್ಮ ಶಾಖಾಮಠದ ಪಾಠ ಈಗ ಏಳಕ್ಕಲ್ಲ, ಏಳೂ ಮುಕ್ಕಾಲಿಗೆ. ಏಳಕ್ಕೆ ಬಂದವರು ಒಟ್ಟಾಗಿ ಹೊರಟು, ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿದು, ಮಾರುಕಟ್ಟೆಯ ಹಿಂದಿನ ರಸ್ತೆಯಿಂದ ಸುತ್ತಿ ಬರುತ್ತೇವೆ. ಹಿಂದಿನ ದಿನದ ಶ್ಲೋಕವನ್ನು ದಾರಿಯಲ್ಲಿ ಒಬ್ಬರಾದ ಮೇಲೊಬ್ಬರು ಹೇಳಬೇಕು. ಉಸಿರು ಕಟ್ಟಿ ಹೇಳಲಾಗದಿದ್ದರೆ ವೇಗ ಹೆಚ್ಚಾಯಿತೆಂದೂ, ರಾಗವಾಗಿ ಹಾಡಲು ಸಾಧ್ಯವಾದರೆ ಕಡಿಮೆಯಾಯಿತೆಂದೂ ತಿಳಿಯುತ್ತೇವೆ. ಮಳೆಗಾಲದಲ್ಲಿ ಸೇತುವೆಯ ಮಾಡಿನ ಕೆಳಗೇ ಆರು ಸಲ ಅತ್ತಿಂದಿತ್ತ ನಡೆಯುತ್ತೇವೆ. ಗಾಡಿ ಬಂದಾಗ ಗೋಡೆಯ ಪಕ್ಕ ಸರಿದು ಜನರಿಗೆ ದಾರಿ ಬಿಡುತ್ತೇವೆ. ಆ ಬ್ಯಾಂಕಿನ ಮಿತ್ರರ ಪತ್ನಿ ಕಳೆದ ಯುಗಾದಿಯಿಂದ ನಡಿಗೆಗೆ ಬರುತ್ತಿದ್ದಾರೆ. ಆ ಮೆಟ್ಟಿಲುಗಳನ್ನು ಹತ್ತುವುದಿಲ್ಲ. ಕೆಳಗೆ ನಿಂತು, ನಾವು ಇಳಿದು ಬರುವವರೆಗೆ ಕಾದು, ಜೊತೆ ಸೇರಿಕೊಳ್ಳುತ್ತಾರೆ. ಪಾಠಕ್ಕೆ ಕುಳಿತಾಗ ಕೈಚೀಲದಿಂದ ಅವರು ತೆಗೆಯುವುದು ಅದೇ ಗೀತಾಭಾಷ್ಯ; ಆರನೆಯ ಅಧ್ಯಾಯದಲ್ಲಿ ಲೋಕಲ್ ಗಾಡಿಯ ಹಳೆಯ ಟಿಕೇಟೊಂದು ಗುರುತಿಗಾಗಿ ಇಟ್ಟಂತೆಯೇ ಇದೆ.

॥ ಶ್ರೀಕೃಷ್ಣಾರ್ಪಣಮಸ್ತು ॥